ಟಕ್ ಟಕ್ ತೆಗೆದು ಹಾಕಿದ ಕಥೆ

ಮೀಟಿಂಗಲ್ಲಿ ಯಾರಾದ್ರೂ ಸುಮ್ನೆ ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಅಂತ ಬಡಿದ್ರೆ ಈಗ್ಲೂ ನಂಗೆ ಹೊಟ್ಟೆಯೊಳಗೆ ಏನೋ ಮಗುಚಿದ ಹಾಗಾಗುತ್ತೆ. ಯಾಕೆ ಅಂತ ಹೇಳ್ತೀನಿ, ಆದ್ರೆ ಬ್ರ್ಯಾಂಡ್ ಹೆಸರು ಮಾತ್ರ ಕೇಳ್ಬೇಡಿ. ಆ ಕ್ಲೈಂಟ್ ಇನ್ನೂ ನಮ್ಮ ಹತ್ರಾನೇ ಇದಾರೆ, ಅದೇ ಒಂದು ಪವಾಡ.

ನಾನು ಆಡ್ ಏಜೆನ್ಸಿಲಿ ಕಾಪಿ ಬರೆಯೋನು, ಅದು ಅಂಟಿನ ಬ್ರ್ಯಾಂಡು. ನಾನು ಆ ಅಕೌಂಟಿಗೆ ಬರೋ ಹೊತ್ತಿಗೆ 11 ವರ್ಷದಿಂದ ಒಂದೇ ಥರದ ಆಡ್ ಓಡ್ತಿತ್ತು. ಏನೋ ಒಂದು ಮುರಿಯುತ್ತೆ, ಮುಖದಲ್ಲಿ ಯಾವ ಭಾವನೆನೂ ಇಲ್ದಿರೋ ಒಬ್ಬ ಬಂದು ಅಂಟಿಸ್ತಾನೆ, ಬೆರಳ ಗೆಣ್ಣಲ್ಲಿ ಟಕ್ ಟಕ್ ಅಂತ ಎರಡು ಸಲ ಬಡಿದು ನೋಡ್ತಾನೆ, ಎದ್ದು ಹೋಗ್ತಾನೆ. ಕಿತ್ತಳೆ ಪಟ್ಟಿ, ಕೊನೇಲಿ ಅಂಟಿನ ಪ್ಯಾಕ್ ತೋರಿಸೋ ಪ್ಯಾಕ್ ಶಾಟ್, ಮುಗೀತು. ಮುರಿಯೋ ವಸ್ತು ಮಾತ್ರ ವರ್ಷವರ್ಷ ಬೇರೆ. ಆಡಲ್ಲಿ ಏನೇನು ಇರಲೇಬೇಕು ಅಂತ ಕ್ಲೈಂಟ್ ಕೊಡೋ ಮ್ಯಾಂಡೇಟರೀಸ್ ಶೀಟಿನ ಮೊದಲನೇ ಸಾಲೇ "ಟಕ್ ಟಕ್ ಇರಲೇಬೇಕು" ಅಂತ. ಎರಡನೇ ಸಾಲು "ಮೇಲಿನ ಸಾಲು ಓದಿ".

ನಂಗೆ ಅದನ್ನ ಪೋರ್ಟ್‌ಫೋಲಿಯೊದಲ್ಲಿ ಹಾಕ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಬೇರೆ ಟೀಮಿನೋರು ಅವಾರ್ಡಿಗೆ ಎಂಟ್ರಿ ಕಳಿಸ್ತಿದ್ರೆ ನಾನೂ ನನ್ನ ಆರ್ಟ್ ಪಾರ್ಟ್ನರೂ ಕೂತ್ಕೊಂಡು 30 ಸೆಕೆಂಡಿನ ಟಕ್ ಟಕ್‌ನ 20ಕ್ಕೆ, 20ರದ್ದನ್ನ 10ಕ್ಕೆ, 10ರದ್ದನ್ನ 6ಕ್ಕೆ ಕತ್ತರಿಸ್ತಾ ಇರೋದು, ಎಡಿಟಲ್ಲಿ ಕೇಳೋದು, ಮಿಕ್ಸಲ್ಲಿ ಕೇಳೋದು, ಕ್ಲೈಂಟ್ ಲ್ಯಾಪ್‌ಟಾಪಿನ ಹರಕು ಸ್ಪೀಕರಲ್ಲಿ ಮತ್ತೆ ಕೇಳೋದು. ಮೂರನೇ ವರ್ಷಕ್ಕೆ ಆ ಸದ್ದು ಬಂದ್ರೆ ಹಲ್ಲು ಕಚ್ಚೋ ಹಾಗಾಗ್ತಿತ್ತು. ನಂಗೆ ಬೇಜಾರಾಗಿದೆ ಅಂದ್ರೆ ಜಗತ್ತಿಗೇ ಬೇಜಾರಾಗಿದೆ ಅಂತ ನಾನು ಅದ್ಯಾವ ಧೈರ್ಯದ ಮೇಲೆ ತೀರ್ಮಾನ ಮಾಡಿದ್ನೋ ಗೊತ್ತಿಲ್ಲ, ಒಟ್ಟು ಮಾಡ್ದೆ.

ಅದೇ ಹೊತ್ತಿಗೆ ಕ್ಲೈಂಟ್ ಕಡೆ ಹೊಸ ಬ್ರ್ಯಾಂಡ್ ಮ್ಯಾನೇಜರ್ ಬಂದ್ರು. ಹೊಸಬರು ಅಂದ್ಮೇಲೆ ಏನಾದ್ರೂ ಮಾಡಿ ತೋರಿಸ್ಬೇಕಲ್ಲ. ನಮ್ಮ ರೆಟೈನರ್, ಅಂದ್ರೆ ಕ್ಲೈಂಟ್ ಜೊತೆಗಿನ ಕಾಂಟ್ರಾಕ್ಟು, ಬೇರೆ ರಿನ್ಯೂವಲ್‌ಗೆ ಬಂದಿತ್ತು, ಮೇಲಿನೋರು "ಏನಾದ್ರೂ ದೊಡ್ಡದು ತಗೊಂಡು ಹೋಗಿ" ಅಂದ್ರು. ದೊಡ್ಡದು ಅಂದ್ರೆ ಏನು ಅಂತ ಅವರಿಗೂ ಗೊತ್ತಿರಲಿಲ್ಲ, ಯಾವತ್ತೂ ಗೊತ್ತಿರಲ್ಲ. ಸರಿ, 64 ಸ್ಲೈಡಿನ ರೀಫ್ರೆಶ್ ಡೆಕ್ ರೆಡಿಯಾಯ್ತು. ಒಂಬತ್ತನೇ ಸ್ಲೈಡಲ್ಲಿ "ಬದಲಾಗದವರು ಉಳಿಯಲ್ಲ" ಅಂತ ದಪ್ಪಕ್ಷರದಲ್ಲಿ ಹಾಕಿ, ಅದಕ್ಕೊಂದು ವಿಶುವಲ್ ಬೇಕಲ್ಲ ಅಂತ ರಾತ್ರಿ ಒಂದು ಗಂಟೆಗೆ ನಾನೇ ಹುಡುಕಿ ರೋಲಿಂಗ್ ಸ್ಟೋನ್ಸ್ ಅನ್ನೋ ಹಳೇ ರಾಕ್ ಬ್ಯಾಂಡಿನ ಸ್ಟೇಜ್ ಫೋಟೊ ಹಾಕ್ದೆ. ಹಿಂದೆ ದೊಡ್ಡ ಪರದೆ ಮೇಲೆ ಅವರ ಲೋಗೊ, ಆ ಕೆಂಪು ನಾಲಿಗೆ. ನನ್ನ ಲಾಜಿಕ್ಕು ಏನಪ್ಪಾ ಅಂದ್ರೆ, ಇಷ್ಟು ವಯಸ್ಸಾದ್ರೂ ಇನ್ನೂ ಸ್ಟೇಜ್ ಮೇಲಿದಾರೆ ಅಂದ್ರೆ ಕಾಲಕ್ಕೆ ತಕ್ಕ ಹಾಗೆ ಬದಲಾಗಿರಲೇಬೇಕು ತಾನೇ. ಕ್ಲೈಂಟ್‌ನ ನೋಡ್ಕೊಳ್ಳೋ ನಮ್ಮ ಸರ್ವಿಸಿಂಗಿನೋರು ಡೆಕ್ ಚೆಕ್ ಮಾಡಿದ್ರು, ಕ್ಲೈಂಟ್ ಹೆಸರಿನ ಸ್ಪೆಲಿಂಗ್ ಮಾತ್ರ.

ಕ್ಲೈಂಟಿನ ಮಾರ್ಕೆಟಿಂಗ್ ಹೆಡ್‌ನ ನಾವು ನಮ್ಮೊಳಗೆ ದೊಡ್ಡ ಸಾರ್ ಅಂತೀವಿ. ಮಾತು ಕಮ್ಮಿ, ಅರ್ಧ ಮೀಟಿಂಗ್ ಕಣ್ಣು ಮುಚ್ಕೊಂಡೇ ಇರ್ತಾರೆ. ಒಂಬತ್ತನೇ ಸ್ಲೈಡಿಗೆ ಕಣ್ಣು ತೆಗೆದ್ರು.

"ಈ ನಾಲಿಗೆ ಇವರು ಯಾವಾಗಿಂದ ಹಾಕ್ತಿದಾರೆ?"

ನಾನು ಅಲ್ಲಿ "ಗೊತ್ತಿಲ್ಲ ಸಾರ್" ಅಂದಿದ್ರೆ ಮುಗಿದು ಹೋಗ್ತಿತ್ತು. ಕಾಪಿ ಬರೆಯೋನು, ಬಾಯಿ ಸುಮ್ನಿರಲ್ಲ. "ಇತ್ತೀಚಿನ ಟೂರಿಂದ ಇರ್ಬೇಕು ಸಾರ್, 2000 ಆದ್ಮೇಲೆ."

ಕನ್ನಡಕ ತೆಗೆದು ಟೈನಲ್ಲಿ ಒರೆಸ್ಕೊಂಡ್ರು. ನಿಧಾನಕ್ಕೆ. ಎಸಿ ಸದ್ದು ಬಿಟ್ರೆ ಏನೂ ಇಲ್ಲ. ನನ್ನ ಪಾರ್ಟ್ನರ್ ಮೇಜಿನ ಕೆಳಗೆ ನನ್ನ ಕಾಲು ತುಳಿದ್ಲು, ಯಾಕೆ ಅಂತ ನಂಗೆ ಆಗ ಗೊತ್ತಾಗ್ಲಿಲ್ಲ.

"1971," ಅಂದ್ರು. "ಹಿಂದೆ ಡ್ರಮ್ಸ್ ಮುಂದೆ ಕೂತಿದಾರಲ್ಲ, ಚಾರ್ಲಿ ವಾಟ್ಸ್. ಬ್ಯಾಂಡಿಗೆ ಸೇರೋಕೆ ಮುಂಚೆ ನಿಮ್ಮ ಥರಾನೇ ಆಡ್ ಏಜೆನ್ಸಿಲಿ ಗ್ರಾಫಿಕ್ ಡಿಸೈನರ್ ಆಗಿದ್ರು. ನೆಕ್ಸ್ಟ್ ಸ್ಲೈಡ್."

ಇಷ್ಟಾದ್ರೂ ಪಿಚ್ ಗೆದ್ವಿ. ಬ್ರ್ಯಾಂಡ್ ಮ್ಯಾನೇಜರಿಗೆ ಸಖತ್ ಇಷ್ಟ ಆಗೋಯ್ತು, ದೊಡ್ಡ ಸಾರ್ "ಇಷ್ಟು ಜನ ಹೇಳ್ತಿದೀರಿ, ಮಾಡಿ, ನಾನೂ ನೋಡ್ತೀನಿ" ಅಂದ್ರು. ಆ "ನೋಡ್ತೀನಿ"ನ ನಾನು ಒಪ್ಪಿಗೆ ಅಂದ್ಕೊಂಡೆ.

ಫಿಲ್ಮ್ ಬಗ್ಗೆ ಏನ್ ಹೇಳ್ಲಿ, ಚೆನ್ನಾಗೇ ಇತ್ತು. ಅದೇ ಸಮಸ್ಯೆ. ಮಾತು ಬಿಟ್ಟ ಅಣ್ಣ ತಮ್ಮ, ಮುರಿದ ಆಟದ ಗಾಡಿ, ಮಳೆ, ಪಿಯಾನೊ, 90 ಸೆಕೆಂಡು. ಕಿತ್ತಳೆ ಪಟ್ಟಿ ಹೋಗಿ ತಿಳಿ ನೇರಳೆ ಬಂತು. ಭಾವನೆ ಇಲ್ಲದ ಮನುಷ್ಯ ಹೋದ. ಟಕ್ ಟಕ್ ಹೋಯ್ತು, "ಇಮೋಷನ್ ಒಡೆಯುತ್ತೆ" ಅಂತ ನಾನೇ ಡೈರೆಕ್ಟರಿಗೆ ಹೇಳಿ ತೆಗೆಸಿದ್ದು. ಆಫೀಸಲ್ಲಿ ಸ್ಕ್ರೀನಿಂಗ್ ದಿನ ಎಚ್‌ಆರ್ ಮೇಡಂ ಕಣ್ಣೀರು ಹಾಕಿದ್ರು, ಅಪ್ರೈಸಲ್ ಟೈಮಲ್ಲಿ ನಾವು ಅತ್ರೂ ಅವರ ಕಣ್ಣಲ್ಲಿ ಹನಿ ನೀರು ಬಂದಿದ್ದು ನೋಡಿರಲಿಲ್ಲ. ಆನ್‌ಲೈನಲ್ಲಿ ಕೂಡ ಜನ ಹಂಚಿಕೊಂಡ್ರು. ನಾನು ಮೂರು ವಾರ ನೆಲದ ಮೇಲೆ ನಡೀಲೇ ಇಲ್ಲ.

ಆಮೇಲೆ ಟ್ರ್ಯಾಕರ್ ಬಂತು, ಆಡ್ ಜನಕ್ಕೆ ಎಷ್ಟು ನೆನಪಿದೆ ಅಂತ ಕೇಳೋ ಸರ್ವೆ. ಫಿಲ್ಮ್ ರೀಕಾಲ್ ಚೆನ್ನಾಗಿದೆ, ಇಷ್ಟಾನೂ ಆಗಿದೆ, ಆದ್ರೆ ಯಾವ ಬ್ರ್ಯಾಂಡಿಂದು ಅಂತ ಕೇಳಿದ್ರೆ ಹೇಳೋರು ಕಮ್ಮಿ, ಹೇಳಿದೋರಲ್ಲೂ ಒಂದಷ್ಟು ಜನ ಎದುರಾಳಿ ಹೆಸರು ಹೇಳಿದಾರೆ. ಅಂದ್ರೆ ನಮ್ಮ ದುಡ್ಡಲ್ಲಿ ಅವರಿಗೆ ಆಡ್ ಮಾಡಿಕೊಟ್ಟಿದೀವಿ. ನಾನು ಮೊದಲು ಬೈದಿದ್ದು ಸ್ಯಾಂಪಲ್ಲನ್ನ, ಆಮೇಲೆ ರಿಸರ್ಚ್ ಏಜೆನ್ಸಿನ, ಆಮೇಲೆ ಮೀಡಿಯಾ ಪ್ಲ್ಯಾನನ್ನ. ಡೆಕ್ ಮಾಡ್ಕೊಂಡು ಹೋದೆ, "ಹೊಸ ಐಡೆಂಟಿಟಿ ನೆಲೆಯೂರೋಕೆ ಸಮಯ ಬೇಕು" ಅಂತ.

ರಿವ್ಯೂಗೆ ದೊಡ್ಡ ಸಾರ್ ನಮ್ಮ ಆಫೀಸಿಗೇ ಬಂದ್ರು. ನನ್ನ ಡೆಕ್ ಓಪನ್ ಮಾಡೋಕೆ ಬಿಡ್ಲಿಲ್ಲ. "ಫಿಲ್ಮ್ ಹಾಕಿ" ಅಂದ್ರು. ಅಷ್ಟರಲ್ಲಿ ನಮ್ಮ ಅಕೌಂಟ್ಸಿನ ಹುಡುಗಿ ಯಾವುದೋ ಎಸ್ಟಿಮೇಟಿಗೆ ಸೈನ್ ಬೇಕು ಅಂತ ಬಾಗಿಲಲ್ಲಿ ನಿಂತಿದ್ಲು. ಅವಳನ್ನ "ಬಾಮ್ಮ, ಕೂತ್ಕೊ, ಒಂದು ನಿಮಿಷ ಇದನ್ನ ನೋಡು" ಅಂತ ಕೂರಿಸಿದ್ರು. ಅವಳು ಆಗತಾನೇ ಒಂದು ತಿಂಗಳ ರಜೆ ಮುಗಿಸಿ ಬಂದಿದ್ಲು, ಫಿಲ್ಮ್ ನೋಡಿರಲಿಲ್ಲ. ಪ್ಯಾಕ್ ಶಾಟಿಗೆ ಮೂರು ಸೆಕೆಂಡ್ ಇದೆ ಅನ್ನೋವಾಗ ರಿಮೋಟ್ ತಗೊಂಡು ಪಾಸ್ ಮಾಡಿದ್ರು.

"ಚೆನ್ನಾಗಿದ್ಯಾ?"

"ತುಂಬಾ ಚೆನ್ನಾಗಿದೆ ಸಾರ್." ನಿಜವಾಗ್ಲೂ ಅವಳ ಕಣ್ಣು ಒದ್ದೆ.

"ಯಾವ ಕಂಪನಿದು?"

ಅವಳು ನನ್ನ ಮುಖ ನೋಡಿದ್ಲು. ನಾನು ಗೋಡೆ ನೋಡ್ದೆ. ಎಷ್ಟು ಹೊತ್ತು ಆ ಮೌನ ಇತ್ತೋ, ಫ್ರೀಜ್ ಆಗಿದ್ದ ಫ್ರೇಮಲ್ಲಿ ತಮ್ಮನ ಬಾಯಿ ಅರ್ಧ ತೆರೆದು ನಿಂತಿತ್ತು, ಅವನೂ ಏನೋ ಹೇಳೋಕೆ ಹೊರಟ ಹಾಗೆ. ಆಮೇಲೆ ಅವಳು ಒಂದು ಇನ್ಶೂರೆನ್ಸ್ ಕಂಪನಿ ಹೆಸರು ಹೇಳಿದ್ಲು. ಎದುರಾಳಿ ಅಂಟು ಕೂಡ ಅಲ್ಲ ಮಾರಾಯ್ರೆ, ಇನ್ಶೂರೆನ್ಸು! ಪ್ರತಿ ತಿಂಗಳು ಈ ಬ್ರ್ಯಾಂಡಿನ ಬಿಲ್ ರೈಸ್ ಮಾಡೋಳು ಅವಳೇ.

ದೊಡ್ಡ ಸಾರ್ ಏನೂ ಹೇಳ್ಲಿಲ್ಲ. ಬೆರಳು ಮಡಿಚಿ ಮೇಜಿನ ಮೇಲೆ ಟಕ್ ಟಕ್ ಅಂದ್ರು.

"ಅಯ್ಯೋ," ಅಂತ ಆ ಹುಡುಗಿ ನಕ್ಕು ನಮ್ಮ ಬ್ರ್ಯಾಂಡ್ ಹೆಸರು ಹೇಳಿದ್ಲು. ಅರ್ಧ ಸೆಕೆಂಡ್ ಕೂಡ ತಗೊಳ್ಲಿಲ್ಲ.

ಅವಮಾನ ಅಂದ್ರೆ ಏನು ಅಂತ ಗೊತ್ತಾದ ದಿನ. ಅವರು ಕೂಗಾಡಿದ್ರೆ ಚೆನ್ನಾಗಿರ್ತಿತ್ತು, ನಾನೂ ಮನೇಲಿ ಬೈಕೊಂಡು ಮಲಗ್ತಿದ್ದೆ. ಎದ್ದು ಹೋಗೋವಾಗ "ಮುಂದಿನ ಸಲ ಆ ನಾಲಿಗೆ ಫೋಟೊ ಹಾಕೋ ಮುಂಚೆ ಅದರ ಕಥೆ ಓದ್ಕೊಳ್ಳಿ" ಅಂದ್ರು ಅಷ್ಟೇ.

ಓದ್ದೆ. ಕಲಿಯೋಕೆ ಅಂತಲ್ಲ, ಅವರ ಮಾತು ತಪ್ಪು ಅಂತ ತೋರ್ಸೋಕೆ. ಬದಲಾಗಿ ಗೆದ್ದ ಬ್ಯಾಂಡು ಹುಡುಕಿ ಒಂದು ಡೆಕ್ ಮಾಡೋಣ ಅಂತ ಹಟ.

ನಾಲಿಗೆ ಮಾಡಿದ್ದು ಜಾನ್ ಪ್ಯಾಶ್ ಅಂತ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ವಿದ್ಯಾರ್ಥಿ, ಮೊದಲು ಸಿಕ್ಕಿದ್ದು 50 ಪೌಂಡು. ಬ್ಯಾಂಡಿನ ಹಾಡುಗಾರ ಮಿಕ್ ಜಾಗರ್ ಅವನಿಗೆ ರೆಫರೆನ್ಸ್ ಅಂತ ತೋರಿಸಿದ್ದು ಕಾಳಿ ಚಿತ್ರ. 1971ರ ಆಲ್ಬಮ್ ಜೊತೆ ಹೊರಗೆ ಬಂತು, 2008ರಲ್ಲಿ ಮೂಲ ಚಿತ್ರವನ್ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೊಂಡ್ಕೊಳ್ತು. ಈ ಮಧ್ಯೆ ಆ ಬ್ಯಾಂಡು ಡಿಸ್ಕೊ ಕಡೆ ಹೋಗಿ ಬಂತು, ಗಿಟಾರಿಸ್ಟ್ ಬದಲಾದ್ರು, 2021ರಲ್ಲಿ ವಾಟ್ಸ್ ತೀರ್ಕೊಂಡ್ರು, 2023ರಲ್ಲಿ ಹೊಸ ಆಲ್ಬಮ್ ಬಂದಾಗ್ಲೂ ನಾಲಿಗೆ ಇದ್ದೇ ಇತ್ತು. ಅರ್ಧ ಶತಮಾನದಲ್ಲಿ ಎಷ್ಟು ಜನ ಡಿಸೈನರ್‌ಗಳು "ಇದನ್ನ ಸ್ವಲ್ಪ ಕಂಟೆಂಪರರಿ ಮಾಡೋಣ" ಅಂದಿರ್ತಾರೋ, ಅವರಿಗೆಲ್ಲ ಬೇಡ ಅಂದ ಆ ಯಾರೋ ಒಬ್ಬರು ನಮ್ಮ ಕ್ಲೈಂಟ್ ಸೈಡಲ್ಲಿ ಇದ್ದಿದ್ರೆ ನಾನು ಅವರನ್ನ ಹಳೇ ತಲೆ ಅಂತಿದ್ದೆ.

ಎಸಿ/ಡಿಸಿ ಅನ್ನೋ ಬ್ಯಾಂಡ್ ಬಗ್ಗೆ ಓದಿದಾಗ ಇನ್ನೂ ಉರೀತು. ಫೆಬ್ರವರಿ 1980ರಲ್ಲಿ ಹಾಡುಗಾರ ಬಾನ್ ಸ್ಕಾಟ್ ಸತ್ರು. ನಮ್ಮಂಥೋರ ಕೈಗೆ ಆ ಬ್ರೀಫ್ ಸಿಕ್ಕಿದ್ರೆ "ಹೊಸ ಅಧ್ಯಾಯ, ಹೊಸ ಹೆಸರು, ಹೊಸ ಲೋಗೊ" ಅಂತ ಅವತ್ತೇ ಸಂಜೆ ಮೂಡ್‌ಬೋರ್ಡ್ ಹೊರಡ್ತಿತ್ತು. ಅವರು ಮಾಡಿದ್ದೇನು, ಹಾಡೋಕೆ ಬ್ರಯನ್ ಜಾನ್ಸನ್ ಬಂದ್ರು, ಅದೇ ವರ್ಷ ಜುಲೈಗೆ ಆಲ್ಬಮ್, ಸತ್ತವರಿಗೆ ಶೋಕ ಅಂತ ಕವರ್ ಪೂರ್ತಿ ಕಪ್ಪು, ಮೇಲೆ ಅದೇ ಲೋಗೊ, ಒಳಗೆ ಅದೇ ಗಿಟಾರು. ಜಗತ್ತಲ್ಲಿ ಅತಿ ಹೆಚ್ಚು ಮಾರಾಟ ಆದ ಆಲ್ಬಮ್‌ಗಳಲ್ಲಿ ಅದೂ ಒಂದು. ಗಿಟಾರಿಸ್ಟ್ ಆಂಗಸ್ ಯಂಗ್, ಅಕ್ಕ ಹೇಳಿದ್ರು ಅಂತ 1970ರ ದಶಕದಲ್ಲಿ ಹಾಕ್ಕೊಂಡ ಶಾಲೆ ಯೂನಿಫಾರ್ಮನ್ನ, ತಲೆ ಪೂರ್ತಿ ಬೆಳ್ಳಗಾದ್ರೂ ಸ್ಟೇಜ್ ಮೇಲೆ ಬಿಟ್ಟಿಲ್ಲ. ಜೊತೇಲಿ ಗಿಟಾರ್ ನುಡಿಸ್ತಿದ್ದ ಅಣ್ಣ ಮಾಲ್ಕಮ್ 2014ರಲ್ಲಿ ಕಾಯಿಲೆಯಿಂದ ಬಿಟ್ಟಾಗ ಆ ಜಾಗಕ್ಕೆ ಬಂದಿದ್ದು ಇನ್ನೊಬ್ಬ ಅಣ್ಣನ ಮಗ ಸ್ಟೀವಿ. ಅಂದ್ರೆ ಬಲಗೈ ಬಡಿತ ಕೂಡ ಮನೆಯಿಂದ ಹೊರಗೆ ಹೋಗ್ಬಾರ್ದು ಅನ್ನೋ ಮಟ್ಟಕ್ಕೆ.

ಸರಿ, ಬದಲಾದವರು ಇಲ್ವಾ ಅಂತ ಹುಡುಕಿದ್ರೆ ಮೆಟಾಲಿಕಾ ಸಿಕ್ತು. 1996ರಲ್ಲಿ ಕೂದಲು ಕತ್ತರಿಸಿ, ಎರಡೂ ತುದೀಲಿ ಮುಳ್ಳಿನ ಥರ ಚಾಚ್ಕೊಂಡಿದ್ದ ಆ ಲೋಗೊನ ಮೊಂಡು ಮಾಡಿದ್ರು. ಆಹಾ ಸಿಕ್ತಪ್ಪಾ ಉದಾಹರಣೆ ಅಂದ್ಕೊಂಡೆ, ಆ ಆಲ್ಬಮ್ ಅಮೆರಿಕದಲ್ಲಿ ಮೊದಲನೇ ಸ್ಥಾನಕ್ಕೂ ಹೋಗಿತ್ತು. ಮುಂದೆ ಓದಿದ್ರೆ, 2008ಕ್ಕೆ ಹಳೇ ಮುಳ್ಳಿನ ಲೋಗೊಗೇ ವಾಪಸ್. ಮುಖಕ್ಕೆ ಬಣ್ಣ ಬಳ್ಕೊಂಡು ಹಾಡ್ತಿದ್ದ ಕಿಸ್ ನೋಡೋಣ ಅಂದ್ರೆ 1983ರಲ್ಲಿ ಟಿವಿಲಿ ಮುಖದ ಬಣ್ಣ ಒರೆಸ್ಕೊಂಡು ಕೂತ್ರು, ಅದಾದ್ಮೇಲೂ ಆಲ್ಬಮ್ ಮಾರಾಟ ಆಗ್ತಿತ್ತು, ಆದ್ರೆ 1996ರಲ್ಲಿ ಮೂಲ ನಾಲ್ಕು ಜನ ಮತ್ತೆ ಸೇರಿದಾಗ ಬಣ್ಣ ಬಳ್ಕೊಂಡೇ ಬಂದ್ರು, ಡಿಸೆಂಬರ್ 2023ರ ಕೊನೇ ಶೋ ತನಕ ಒರೆಸ್ಲಿಲ್ಲ. ನನ್ನ ಡೆಕ್ಕಿಗೆ ಬೇಕಾದ ಸ್ಲೈಡು ಒಂದೊಂದೇ ನನ್ನ ವಿರುದ್ಧಾನೇ ಸಾಕ್ಷಿ ಹೇಳ್ತಿತ್ತು.

ಯೂಟು ಒಂದು ಬಿಟ್ಟು. 1991ರಲ್ಲಿ ಸೌಂಡು ಗುರುತು ಸಿಗದಷ್ಟು ಬದಲಾಯ್ಸಿ ಗೆದ್ರು, ಅದನ್ನ ಒಪ್ಕೊಳ್ತೀನಿ. ಆದ್ರೆ ನಾಲ್ಕು ಜನ ಅವರೇ, ಆ ಗಂಟಲು ಅದೇ. ಅದೇ ಬ್ಯಾಂಡು 2014ರಲ್ಲಿ ಸುಮಾರು 50 ಕೋಟಿ ಜನರ ಐಟ್ಯೂನ್ಸಿಗೆ ಕೇಳ್ದೆ ಆಲ್ಬಮ್ ತುರುಕಿ, ಅದನ್ನ ಅಳಿಸೋಕೆ ಅಂತಾನೇ ಆಪಲ್ ಒಂದು ಪೇಜ್ ಮಾಡಬೇಕಾಯ್ತು. ನಮ್ಮ ಮೀಡಿಯಾ ಟೀಮಿನೋರು ರೀಚ್ ರೀಚ್ ಅಂತ ಕುಣಿಯೋವಾಗೆಲ್ಲ ನಾನು ಇದನ್ನ ನೆನಪಿಸ್ತೀನಿ, ಅವರಿಗೆ ಇಷ್ಟ ಆಗಲ್ಲ.

ನಿಜವಾಗ್ಲೂ ತಲೆಗೆ ಹೊಡೆದಿದ್ದು ಝೀಝೀ ಟಾಪ್. ಎದೆ ತನಕ ಗಡ್ಡ, ಕಪ್ಪು ಕನ್ನಡಕ, ಟೋಪಿ, ಇಬ್ಬರದ್ದೂ ಒಂದೇ ವೇಷ. ಮೂರನೇ ಅವರು ಡ್ರಮ್ಮರ್, ಅವರ ಸರ್‌ನೇಮೇ ಬಿಯರ್ಡ್, ಅಂದ್ರೆ ಗಡ್ಡ, ಅವರಿಗೆ ಮಾತ್ರ ಉದ್ದ ಗಡ್ಡ ಇಲ್ಲ. ಇವರು 1983ರಲ್ಲಿ ಸಿಂಥಸೈಜರ್, ಡ್ರಮ್ ಮಶೀನ್ ಎಲ್ಲಾ ತಂದು ಬ್ಲೂಸ್ ಹಾಡನ್ನ ಅವತ್ತಿನ ಡ್ಯಾನ್ಸ್ ಹಾಡಿನ ಥರ ಮಾಡಿದ್ರು. ಒಳಗಿನ ಇಂಜಿನ್ ಪೂರ್ತಿ ಬೇರೆ. ಅದೇ ಅವರ ಅತಿ ದೊಡ್ಡ ಆಲ್ಬಮ್, ಅಮೆರಿಕದಲ್ಲೇ ಒಂದು ಕೋಟಿ ಪ್ರತಿ ದಾಟಿದೆ. ಗಡ್ಡ ಇರೋದ್ರಿಂದ ಜನಕ್ಕೆ ಇವರೇ ಅಂತ ಗೊತ್ತು, ಗೊತ್ತಿರೋದ್ರಿಂದ ಹೊಸ ಸೌಂಡನ್ನ ಕೇಳೋಕೆ ಕೂತ್ರು. ನಾನು ಮಾಡಿದ್ದು ಸರೀ ಉಲ್ಟಾ. ಗಡ್ಡಾನೂ ಬೋಳಿಸಿ, ಹಾಡೂ ಬದಲಾಯ್ಸಿ, ಆಮೇಲೆ ಯಾಕೆ ಯಾರೂ ಗುರುತು ಹಿಡೀತಿಲ್ಲ ಅಂತ ರಿಸರ್ಚ್ ಏಜೆನ್ಸಿನ ಬೈದೆ. ಅಣ್ಣ ತಮ್ಮನ ಫಿಲ್ಮನ್ನ ಹಾಗೇ ಇಟ್ಟು ಕೊನೇಲಿ ತಮ್ಮ ಆ ಗಾಡಿ ಮೇಲೆ ಟಕ್ ಟಕ್ ಅಂತ ಬಡಿದಿದ್ರೆ ಸಾಕಿತ್ತು. ಎರಡು ಸೆಕೆಂಡು. ಇಮೋಷನ್ ಒಡೀತಿರಲಿಲ್ಲ, ಒಡೆದಿದ್ರೂ ಅಂಟಿನ ಆಡ್ ತಾನೇ ಅದು.

ಐರನ್ ಮೇಡನ್ ಬ್ಯಾಂಡಿನ ಎಡ್ಡಿನೂ ಹಾಗೇ. 1980ರಿಂದ ಪ್ರತಿ ಸ್ಟುಡಿಯೊ ಆಲ್ಬಮ್ ಕವರಲ್ಲಿ ಆ ಅಸ್ಥಿಪಂಜರದಂಥ ಭೂತ ಇದ್ದೇ ಇದೆ, ಒಮ್ಮೆ ಈಜಿಪ್ಟಿನ ಫೇರೊ, ಒಮ್ಮೆ ಭವಿಷ್ಯದ ರೋಬೊ ಥರ, 2021ರಲ್ಲಿ ಸಮುರಾಯ್. ಹಾಡುಗಾರ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟು 1999ರಲ್ಲಿ ವಾಪಸ್ ಬಂದ್ರು, ಎಡ್ಡಿ ಮಾತ್ರ ಒಂದಿನಾನೂ ರಜೆ ಹಾಕಿಲ್ಲ.

ಅಂಗಡಿ ಸಾಮಾನಿಗೂ ಇದು ಹೊಸ ಪಾಠ ಏನಲ್ಲ, ನಮ್ಮ ಲೈನಲ್ಲಿ ಎಲ್ರೂ ಓದಿರೋದೇ. ಟ್ರಾಪಿಕಾನಾ ಜ್ಯೂಸಿನೋರು 2009ರಲ್ಲಿ ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರ ಪ್ಯಾಕಿಂದ ತೆಗೆದು, ಎರಡು ತಿಂಗಳಾಗೋಷ್ಟರಲ್ಲಿ ಮಾರಾಟ ಸುಮಾರು 20 ಪರ್ಸೆಂಟ್ ಬಿದ್ದು, ಹಳೇದನ್ನೇ ವಾಪಸ್ ತಂದ್ರು. ಆ ಕೇಸನ್ನ ನಾನೇ ಟ್ರೈನಿಗಳಿಗೆ ಎರಡು ಸಲ ಪ್ರೆಸೆಂಟ್ ಮಾಡಿದ್ದೆ. ಗೊತ್ತಿತ್ತು. ಅದು ಬೇರೆಯವರು ಮಾಡೋ ತಪ್ಪು, ನನ್ನದು ಕ್ರಿಯೇಟಿವ್ ಧೈರ್ಯ ಅಂತ ನಂಬಿದ್ದೆ ಅಷ್ಟೇ.

ಬೇಜಾರಿನ ಲೆಕ್ಕ ಒಂದು ಹೇಳ್ಬೇಕು. ರಮೋನ್ಸ್ ಅಂತ ಬ್ಯಾಂಡು, 1974ರಿಂದ 1996ರ ತನಕ 2,263 ಶೋ ಮಾಡಿದ್ರು, ಅದೇ ಲೆದರ್ ಜಾಕೆಟ್, ಅದೇ ಹರಿದ ಜೀನ್ಸು, ಎಲ್ಲರೂ ಹಾಕ್ಕೊಂಡಿದ್ದು ಒಂದೇ ಸರ್‌ನೇಮ್, ರಮೋನ್. ಅವರಿಗೆ ಎಷ್ಟು ಬೇಜಾರಾಗಿರ್ಬೇಡ! ಆದ್ರೆ ಅವತ್ತು ಮುಂದಿನ ಸಾಲಲ್ಲಿ ನಿಂತಿರೋ ಹುಡುಗನಿಗೆ ಅದು ಮೊದಲನೇ ಶೋ. ನಾನು ಟಕ್ ಟಕ್‌ನ ಎಡಿಟ್ ರೂಮಲ್ಲಿ ಸಾವಿರ ಸಲ ಕೇಳಿರ್ಬಹುದು, ನೋಡೋನು ಅದನ್ನ ಯಾವುದೋ ಫೋನ್ ಕಾಲ್ ಮಧ್ಯೆ ಅರ್ಧ ಕಿವೀಲಿ ಕೇಳ್ತಾನೆ. ಅವನಿಗೆ ಬೇಜಾರಾಗೋಕೆ ಇನ್ನೂ ಶುರುವೇ ಆಗಿರಲ್ಲ, ಅಷ್ಟರಲ್ಲಿ ನಮಗೆ ವೇರ್‌ಔಟ್, ಅಂದ್ರೆ ಆಡ್ ಹಳಸಿ ಹೋಗೋದರ ಬಗ್ಗೆ ಸ್ಲೈಡ್ ರೆಡಿ.

ಒಂದೇ ಥರ ಇರೋದು ಸುಲಭ ಅಂತಾನೂ ಅಂದ್ಕೊಂಡಿದ್ದೆ. ಟಕ್ ಟಕ್ ವಾಪಸ್ ತರೋಣ ಅಂತ ತೀರ್ಮಾನ ಆದ್ಮೇಲೆ ಆ ಸೌಂಡ್ ಫೈಲ್ ಹುಡುಕಿದ್ರೆ ಸರ್ವರಲ್ಲಿ ಇಲ್ಲ. ಫೈನಲ್, ಫೈನಲ್ ಫೈನಲ್, ಫೈನಲ್ ಯೂಸ್ ದಿಸ್ ಅಂತ ಹೆಸರಿರೋ ಫೋಲ್ಡರ್ ನೂರಿವೆ, ಒಳಗೆ ಖಾಲಿ. ಹೊಸ ಅಸೆಟ್ ಮ್ಯಾನೇಜ್‌ಮೆಂಟ್ ಟೂಲಿಗೆ ಶಿಫ್ಟ್ ಮಾಡೋವಾಗ ಹಳೇದೆಲ್ಲ ಹೋಗಿತ್ತು, ಆ ಟೂಲಿಗೆ ಮ್ಯಾನೇಜ್‌ಮೆಂಟು ಕೇಕ್ ಕಟ್ ಮಾಡಿತ್ತು, ನೆನಪಿದೆ. ರೆಕಾರ್ಡ್ ಮಾಡೋಣ ಅಂತ ಸ್ಟುಡಿಯೊಗೆ ಹೋದ್ವಿ. ಮರ, ಪ್ಲೈ, ಡಬ್ಬ, ಗಿಟಾರ್ ಹೊಟ್ಟೆ, ಎಲ್ಲಾ ಬಡಿದು ನೋಡಿದ್ವಿ. ಒಂದೂ ಅದಲ್ಲ. ಒಂದರಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಇನ್ನೊಂದರಲ್ಲಿ ಗಡಿಯಾರದ ಹಾಗೆ. ಹಳೇ ಸೌಂಡ್ ಇಂಜಿನಿಯರಿಗೆ ಫೋನ್ ಮಾಡಿದ್ರೆ ಅವರು ನಕ್ಕು, "ಅದು ಆಗಿನ ಸ್ಟುಡಿಯೊ ಮೇಜು ಗುರು, ಒಂದು ಕಾಲು ಕುಂಟಿತ್ತು, ಅದಕ್ಕೇ ಎರಡನೇ ಟಕ್ ಸ್ವಲ್ಪ ತೆಳು" ಅಂದ್ರು. ಆ ಮೇಜು ಯಾವಾಗ್ಲೋ ಗುಜರಿಗೆ ಹೋಗಿದೆ. ಕೊನೆಗೆ ಏಳು ವರ್ಷ ಹಿಂದಿನ ಒಂದು ಫಿಲ್ಮಲ್ಲಿ ಮ್ಯೂಸಿಕ್ ನಿಂತ ಮೇಲೆ ಬರೋ ಟಕ್ ಟಕ್ ಸಿಕ್ತು, ಅದನ್ನ ಕತ್ತರಿಸಿ, ತೊಳೆದು, ಅದನ್ನೇ ಹಾಕ್ತಿದೀವಿ. ಈಗ ಅದರ ಕಾಪಿ ನನ್ನ ಫೋನಲ್ಲಿ, ಪಾರ್ಟ್ನರ್ ಫೋನಲ್ಲಿ, ಆಮೇಲೆ ಆ ಅಕೌಂಟ್ಸ್ ಹುಡುಗಿಯ ಇಮೇಲಲ್ಲಿ ಇದೆ. ಟೂಲನ್ನ ನಂಬಲ್ಲ.

ಅಣ್ಣ ತಮ್ಮನ ಫಿಲ್ಮ್ ನನ್ನ ರೀಲಲ್ಲಿ ಇನ್ನೂ ಇದೆ, ಇಂಟರ್‌ವ್ಯೂಗಳಲ್ಲಿ ತೋರಿಸಿದ್ರೆ ಎಲ್ರೂ ಮೆಚ್ಕೊಳ್ತಾರೆ. ಯಾವ ಬ್ರ್ಯಾಂಡು ಅಂತ ಅವರೂ ಕೇಳಲ್ಲ.

ಹೋದ ವಾರ ಆ ಬ್ರ್ಯಾಂಡ್ ಮ್ಯಾನೇಜರ್ ಬೇರೆ ಕಡೆ ಹೋದ್ರು, ಅವರ ಜಾಗಕ್ಕೆ ಇನ್ನೊಬ್ಬರು ಬಂದ್ರು. ಎರಡನೇ ದಿನಕ್ಕೇ ಮೇಲ್: "ಹಳೇ ಆಡ್‌ಗಳೆಲ್ಲ ನೋಡಿದೆ, ಸ್ವಲ್ಪ ರಿಪಿಟಿಟಿವ್ ಅನ್ಸುತ್ತೆ, ಒಂದು ಫ್ರೆಶ್ ಲುಕ್ ಟ್ರೈ ಮಾಡ್ಬಹುದಾ?" ಗುರುವಾರ ಮೀಟಿಂಗು. ದೊಡ್ಡ ಸಾರೂ ಬರ್ತಾರಂತೆ. ಡೆಕ್ ಇನ್ನೂ ಮಾಡಿಲ್ಲ, ಮೊದಲನೇ ಸ್ಲೈಡಿಗೆ ನಾಲಿಗೆ ಮಾತ್ರ ಹಾಕಿಟ್ಟಿದೀನಿ, ಕೆಳಗೆ ಮೂಲೇಲಿ ಸಣ್ಣಕ್ಷರದಲ್ಲಿ 1971.